ವೀಲ್‌ಚೇರ್ ಹಿಡಿಸುವ ಡಿಕ್ಕಿ, 1.0 ಟರ್ಬೊ ಪೆಟ್ರೋಲ್: ಸೆಕೆಂಡ್ ಹ್ಯಾಂಡ್‌ನಲ್ಲಿ ಏನೇನು ನೋಡಬೇಕು?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನ. ಅಜ್ಜಿಗೆ ಮಡಚುವ ವೀಲ್‌ಚೇರ್ ಬೇಕೇ ಬೇಕು, ಅದರ ಜೊತೆ ಎರಡು ದೊಡ್ಡ ಬ್ಯಾಗೂ ಹಿಡಿಸಬೇಕು. ನಿಜವಾಗಿ ಬೇಕಿದ್ದದ್ದು ಹಿಂದೆ ಉದ್ದಕ್ಕೆ ಚಾವಣಿ ಇರುವ ಸ್ಟೇಷನ್ ವ್ಯಾಗನ್. ಈಗ ಹೊಸದಾಗಿ ಆ ಥರದ್ದು ನಮ್ಮ ಬಜೆಟ್‌ನಲ್ಲಿ ಸಿಗುವುದಿಲ್ಲ. 10 ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಮೂರು ಗಾಡಿ ಕಣ್ಣಲ್ಲಿವೆ:

– 2022ರ ಸ್ಕೋಡಾ ಸ್ಲಾವಿಯಾ (ಸೆಡಾನ್) 1.0 ಟಿಎಸ್‌ಐ (ಸ್ಕೋಡಾದ ಟರ್ಬೊ ಪೆಟ್ರೋಲ್ ಎಂಜಿನ್), ಮ್ಯಾನುಯಲ್
– 2021ರ ಕೊನೆಯ ಸ್ಕೋಡಾ ಕುಶಾಕ್ (ಎಸ್‌ಯುವಿ), ಅದೇ ಎಂಜಿನ್, ಮ್ಯಾನುಯಲ್
– 2022ರ ನೆಕ್ಸಾನ್ ಟರ್ಬೊ ಪೆಟ್ರೋಲ್

ಓಡಾಟ ಹೀಗಿದೆ. ದಿನಾ ಊರೊಳಗೆ 4–5 ಕಿ.ಮೀ., ಶಾಲೆ ಮತ್ತು ಮಾರ್ಕೆಟ್. ವಾರಕ್ಕೊಮ್ಮೆ ಹೈವೇ 44ರಲ್ಲಿ ಬೆಂಗಳೂರು. ಆಗಾಗ ಕ್ರಷರ್‌ಗಳ ಪಕ್ಕದ ಧೂಳು ರಸ್ತೆ. ಕೇಳಬೇಕಾದ್ದು ಮೂರು. ವೀಲ್‌ಚೇರ್‌ಗೆ ಯಾವ ಬಾಡಿ ಸರಿ? ಒಂದು ಲೀಟರ್ ಎಂಜಿನ್ ಐದು ಜನರ ಭಾರ ಎಳೆದುಕೊಂಡು ಬಾಳಿಕೆ ಬರುತ್ತದಾ? ಕೊಳ್ಳುವ ಮುಂಚೆ ಏನೇನು ಪರೀಕ್ಷೆ ಮಾಡಿಸಬೇಕು?

---

ಶೆಟ್ಟಿಹಳ್ಳಿ ಗೇಟ್ (ತುಮಕೂರು)

ಮೊದಲ ಪ್ರಶ್ನೆಗೆ ನನ್ನ ಉತ್ತರ. ಲೀಟರ್ ಲೆಕ್ಕ ನಂಬಿ ಡಿಕ್ಕಿ ಆರಿಸಬೇಡಿ. ಸ್ಲಾವಿಯಾ ಡಿಕ್ಕಿ 521 ಲೀಟರ್, ಕುಶಾಕ್ 385, 2023ರ ಫೇಸ್‌ಲಿಫ್ಟ್‌ಗೆ ಮುಂಚಿನ ನೆಕ್ಸಾನ್ 350. ಕಾಗದದ ಮೇಲೆ ಸ್ಲಾವಿಯಾ ಬಹಳ ಮುಂದಿದೆ. ಆದರೆ ಸೆಡಾನ್‌ನಲ್ಲಿ ಆ ಜಾಗ ಆಳದಲ್ಲಿದೆ, ಬಾಯಿ ಚಿಕ್ಕದು. ವೀಲ್‌ಚೇರನ್ನು ಅಡ್ಡ ಮಲಗಿಸಿ, ಮುಂದಕ್ಕೆ ತಳ್ಳಿ ಒಳಗೆ ಸೇರಿಸಬೇಕು. ಅದು ಮಲಗಿದ ಮೇಲೆ ಬ್ಯಾಗುಗಳನ್ನು ಅದರ ಮೇಲೇ ಇಡಬೇಕು. ಆಸ್ಪತ್ರೆ ಬಾಗಿಲಲ್ಲಿ ಮೊದಲು ಬ್ಯಾಗ್ ಇಳಿಸಿ ಆಮೇಲೆ ಕುರ್ಚಿ ತೆಗೆಯುವ ಪಾಡು ಬೇಡ.

ಸಾಮಾನ್ಯ ಸ್ಟೀಲ್ ವೀಲ್‌ಚೇರ್ ಮಡಚಿದಾಗ ದಪ್ಪ ಸುಮಾರು 30 ಸೆಂ.ಮೀ., ಎತ್ತರ 90 ಸೆಂ.ಮೀ. ಆಸುಪಾಸು, ತೂಕ 15ರಿಂದ 18 ಕೆ.ಜಿ. ಕಾಲಿಡುವ ಪಟ್ಟಿ ಬಿಚ್ಚಿದರೆ ಉದ್ದ ಒಂದು ಗೇಣಿನಷ್ಟು ಕಡಿಮೆಯಾಗುತ್ತದೆ. ಬಿಚ್ಚಲು ಬರುವ ಪಟ್ಟಿ ಇರುವ ಕುರ್ಚಿಯನ್ನೇ ತಗೊಳ್ಳಿ. ಹಿಂದೆ ಪೂರ್ತಿ ಮೇಲೇಳುವ ಬಾಗಿಲಿರುವ ಕುಶಾಕ್, ಟೈಗುನ್, ನೆಕ್ಸಾನ್‌ಗಳಲ್ಲಿ ಪಾರ್ಸೆಲ್ ಟ್ರೇ ತೆಗೆದರೆ ಕುರ್ಚಿಯನ್ನು ಸೀಟಿನ ಬೆನ್ನಿಗೆ ಒರಗಿಸಿ ಓರೆಯಾಗಿ ನಿಲ್ಲಿಸುವ ಅವಕಾಶ ಇರುತ್ತದೆ. ಉಳಿದ ಪಕ್ಕದಲ್ಲಿ ಬ್ಯಾಗ್. ಸ್ಟೇಷನ್ ವ್ಯಾಗನ್‌ನ ನಿಜವಾದ ಲಾಭ ಇದೇ: ಬಾಯಿ ಎತ್ತರ, ನೆಟ್ಟಗಿನ ಹಿಂಬಾಗಿಲು. ಆ ಗುಣಕ್ಕೆ ಹತ್ತಿರ ಬರುವುದು ಈ ಬಾಡಿಗಳೇ ಹೊರತು ಸೆಡಾನ್ ಅಲ್ಲ.

ಗಾಡಿ ನೋಡಲು ಹೋಗುವಾಗ ಕುರ್ಚಿಯನ್ನೇ ತಗೊಂಡು ಹೋಗಿ. ಆಗದಿದ್ದರೆ ಟೇಪ್‌ನಲ್ಲಿ ಮೂರು ಅಳತೆ ಹಿಡಿಯಿರಿ: ಡಿಕ್ಕಿ ಬಾಯಿಯ ಎತ್ತರ, ಎರಡು ಚಕ್ರಗೂಡುಗಳ ನಡುವಿನ ಅಗಲ, ನೆಲದಿಂದ ಡಿಕ್ಕಿ ಅಂಚಿಗೆ ಎತ್ತರ. ಮೂರನೆಯದನ್ನು ಯಾರೂ ನೋಡುವುದಿಲ್ಲ. 18 ಕೆ.ಜಿ. ಕುರ್ಚಿಯನ್ನು ಸೊಂಟದ ಮೇಲಕ್ಕೆ ಎತ್ತಿ ಇಡುವವರು ಯಾರು ಅನ್ನುವುದು ಮನೆಯಲ್ಲಿ ಮೊದಲೇ ತೀರ್ಮಾನ ಆಗಬೇಕು.

ಹಳೆಯ ವ್ಯಾಗನ್‌ಗಳ ಆಸೆಯಿದ್ದರೆ ಇಂಡಿಗೊ ಮರೀನಾ, ಬಲೆನೊ ಆಲ್ಟುರಾ, ಮೊದಲ ಪೀಳಿಗೆಯ ಆಕ್ಟೇವಿಯಾ ಕಾಂಬಿ (ಸ್ಕೋಡಾ ತನ್ನ ವ್ಯಾಗನ್‌ಗೆ ಇಟ್ಟ ಹೆಸರು) ಇಲ್ಲಿ ಮಾರಾಟವಾಗಿದ್ದವು. ಇಂದು ರೋಗಿಯನ್ನು ಕರೆದೊಯ್ಯುವ ನಿತ್ಯದ ಕೆಲಸಕ್ಕೆ ಅವು ಬೇಡ. ಬಿಡಿಭಾಗ ಹುಡುಕುವುದರಲ್ಲೇ ವಾರ ಕಳೆಯುತ್ತದೆ. ಯುರೋಪಿನಲ್ಲಿ ಮೂರನೇ ಪೀಳಿಗೆಯ ಫಾಬಿಯಾ ಕಾಂಬಿ ಇದೇ ಒಂದು ಲೀಟರ್ ಟಿಎಸ್‌ಐ ಎಂಜಿನ್‌ನಲ್ಲಿ 530 ಲೀಟರ್ ಡಿಕ್ಕಿ, ಸೀಟ್ ಮಡಚಿದರೆ 1,395 ಲೀಟರ್ ಕೊಡುತ್ತಿತ್ತು. ನಮ್ಮಲ್ಲಿಗೆ ಬರಲೇ ಇಲ್ಲ, ಬರಬೇಕಿತ್ತು.

ಟ್ರೈಬರ್ ಕೂಡ ಒಮ್ಮೆ ನೋಡಿ. ಮೂರನೇ ಸಾಲು ಬಿಚ್ಚಿಟ್ಟರೆ 625 ಲೀಟರ್. ಕುರ್ಚಿಯ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರದ್ದು ಟರ್ಬೊ ಇಲ್ಲದ 72 ಪಿಎಸ್ ಎಂಜಿನ್. ಐದು ಜನ, ಎಸಿ, ಹೈವೇ ಏರು ಅಂದರೆ ಗೇರ್ ಇಳಿಸುತ್ತಲೇ ಇರಬೇಕು.

---

ಅಂತರಗಂಗೆ ಗ್ಯಾರೇಜ್ (ಕೋಲಾರ)

ಬಾಡಿ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಎಂಜಿನ್ ಬಗ್ಗೆ ನಾನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಭಾರ ಎಳೆಯುತ್ತದಾ ಅನ್ನುವ ಅನುಮಾನ ಬೇಡ. 1.0 ಟಿಎಸ್‌ಐ 999 ಸಿಸಿ, ಮೂರು ಸಿಲಿಂಡರ್, 115 ಪಿಎಸ್, 178 ಎನ್‌ಎಂ. ಆ ಟಾರ್ಕ್ (ಎಳೆಯುವ ಬಲ) 1,750 ಆರ್‌ಪಿಎಂನಿಂದಲೇ ಸಿಗುತ್ತದೆ. ನೆಕ್ಸಾನ್ 1.2 ಟರ್ಬೊ 120 ಪಿಎಸ್, 170 ಎನ್‌ಎಂ. ಎರಡರಲ್ಲೂ ಬಲಕ್ಕೆ ಕೊರತೆಯಿಲ್ಲ. ಕೆಟ್ಟರೆ ಅದು ಎಣ್ಣೆಯಿಂದ, ಬಿಸಿಯಿಂದ ಅಥವಾ ಧೂಳಿನಿಂದ. ಮೀಟರ್‌ನ ಕಿಲೋಮೀಟರ್‌ಗಿಂತ ಈ ಮೂರರ ಇತಿಹಾಸ ಮುಖ್ಯ.

ಈ ಎರಡು ಎಂಜಿನ್‌ಗಳ ನಡುವೆ ಒಂದು ದೊಡ್ಡ ವ್ಯತ್ಯಾಸ ತಿಳಿದಿರಲಿ. ಟಿಎಸ್‌ಐ ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಬೀಳುತ್ತದೆ. ಫ್ರಾಂಕ್ಸ್‌ನ ಬೂಸ್ಟರ್‌ಜೆಟ್, ವೆನ್ಯೂ ಟರ್ಬೊ ಕೂಡ ಹಾಗೇ. ನೆಕ್ಸಾನ್ ಮತ್ತು ಮ್ಯಾಗ್ನೈಟ್ ಟರ್ಬೊಗಳಲ್ಲಿ ಪೆಟ್ರೋಲ್ ವಾಲ್ವ್‌ಗೆ ಮುಂಚೆಯೇ ಸಿಂಪಡಣೆಯಾಗುತ್ತದೆ, ಇಂಟೇಕ್ ವಾಲ್ವ್ ಆ ಪೆಟ್ರೋಲ್‌ನಲ್ಲೇ ತೊಳೆದುಕೊಳ್ಳುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಆ ತೊಳೆತ ಇಲ್ಲ. ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆ ಹಬೆ ವಾಲ್ವ್ ಬೆನ್ನಿಗೆ ಅಂಟಿ, ಕಾದು, ಕಾರ್ಬನ್ ಗಟ್ಟಿಯಾಗುತ್ತದೆ. ನಿಮ್ಮ ಹಾಗೆ ದಿನಾ 4–5 ಕಿ.ಮೀ. ಓಡಿಸಿದರೆ ಇದು ಬೇಗ ಆಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಾಡಿ ನಡುಗುವುದು, ಐಡಲ್ ಏರಿಳಿಯುವುದು, ಸ್ಕ್ಯಾನರ್‌ನಲ್ಲಿ ಪಿ0300ರಿಂದ ಪಿ0303 ವರೆಗಿನ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕೋಡ್ ಬರುವುದು ಇದರ ಲಕ್ಷಣ. ಟ್ಯಾಂಕ್‌ಗೆ ಸುರಿಯುವ ಕ್ಲೀನರ್ ಇಂಜೆಕ್ಟರ್‌ಗೆ ಒಳ್ಳೆಯದು, ಆದರೆ ವಾಲ್ವ್ ಬೆನ್ನಿಗೆ ಅದು ತಲುಪುವುದೇ ಇಲ್ಲ. ಅಲ್ಲಿಗೆ ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಆಕ್ರೋಟ್ ಸಿಪ್ಪೆಯ ಪುಡಿ ಊದಿ ತೆಗೆಯುವುದೇ ದಾರಿ.

ಹಾಗಂತ ಮಿಸ್‌ಫೈರ್ ಕಂಡ ತಕ್ಷಣ ಕಾರ್ಬನ್ ಕೆಲಸಕ್ಕೆ ದುಡ್ಡು ಕೊಡಬೇಡಿ. ಮೊದಲು ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಅದಲು ಬದಲು ಮಾಡಿ. ಒಂದನೇ ಸಿಲಿಂಡರ್‌ನ ಕಾಯಿಲ್ ಎರಡಕ್ಕೆ, ಎರಡರದ್ದು ಒಂದಕ್ಕೆ. ಪಿ0301 ಇದ್ದದ್ದು ಪಿ0302 ಆದರೆ ಕಾಯಿಲ್ ಹೋಗಿದೆ. ಕೋಡ್ ಜಾಗ ಬಿಡದಿದ್ದರೆ ಅದೇ ರೀತಿ ಪ್ಲಗ್ ಬದಲಿಸಿ ನೋಡಿ. ಟರ್ಬೊ ಎಂಜಿನ್‌ನಲ್ಲಿ ಸಿಲಿಂಡರ್ ಒತ್ತಡ ಜಾಸ್ತಿ, ಹಾಗಾಗಿ ಪ್ಲಗ್ ಗ್ಯಾಪ್ ಸವೆದು ಸ್ವಲ್ಪ ಅಗಲವಾದರೂ ಏರಿನಲ್ಲಿ ಕಿಡಿ ಆರುತ್ತದೆ. ಸಮತಟ್ಟಿನಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಪೂರ್ತಿ ಒತ್ತಿದಾಗ ಮಾತ್ರ ಜರ್ಕ್ ಹೊಡೆದರೆ ನನ್ನ ಮೊದಲ ಗುಮಾನಿ ಪ್ಲಗ್ ಮೇಲೆ. ಎಷ್ಟು ಕಿ.ಮೀ.ಗೆ ಬದಲಿಸಿದ್ದಾರೆ ಅಂತ ಬಿಲ್‌ನಲ್ಲಿ ನೋಡಿ.

ಇನ್ನು ಪರೀಕ್ಷೆ. ಗಾಡಿ ನೋಡಲು ಬೆಳಿಗ್ಗೆ ಹೋಗಿ, ಮುಂಚೆಯೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿರಿ. ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ತಣ್ಣಗಿದ್ದಾಗಲೇ ಕೂಲಂಟ್ ಡಬ್ಬಿ ನೋಡಬೇಕು. ಸ್ಕೋಡಾ, ಫೋಕ್ಸ್‌ವ್ಯಾಗನ್‌ನಲ್ಲಿ ಬಣ್ಣ ಗುಲಾಬಿ ಅಥವಾ ನೇರಳೆ ಇರಬೇಕು. ಕಂದು ಬಣ್ಣ, ತುಕ್ಕಿನ ಪುಡಿ, ಮೇಲೆ ಎಣ್ಣೆಯ ಪದರ ಇದ್ದರೆ ಆ ಗಾಡಿ ಬಿಡಿ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿವೆ, ಗೇರ್‌ಬಾಕ್ಸ್ ಕಡೆ ತುದಿಯಲ್ಲಿ. ಅಲ್ಲಿ ಸೋರಿಕೆ ಬರುವುದು ಗೊತ್ತಿರುವ ತೊಂದರೆ. ಟಾರ್ಚ್ ಬಿಟ್ಟು ನೋಡಿ. ಗುಲಾಬಿ ಪುಡಿ ಒಣಗಿ ಅಂಟಿದ್ದರೆ ಸೋರುತ್ತಿದೆ ಅಂತಲೇ ಅರ್ಥ. ಡಬ್ಬಿಗೆ ಆಗಾಗ ಸ್ವಲ್ಪ ಸ್ವಲ್ಪ ಸೇರಿಸುತ್ತೇನೆ ಅಂತ ಮಾರುವವರು ಹೇಳಿದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ.

ಸ್ಟಾರ್ಟ್ ಮಾಡುವ ಮುಂಚೆ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ನಲ್ಲಿ ಉಳಿದ ದೋಷದ ಕೋಡ್ ಓದುವ ಸಾಧನ) ಹಾಕಿ. ಎರಡು ಸಾವಿರದೊಳಗಿನ ಬ್ಲೂಟೂತ್ ಸ್ಕ್ಯಾನರ್ ಸಾಕು. ಕೋಡ್ ಇಲ್ಲ ಅಂತ ತೋರಿಸಿದರೆ ಖುಷಿಪಡಬೇಡಿ, ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯಾ ಅನ್ನುವ ಪಟ್ಟಿ) ನೋಡಿ. ಹಲವು ಮಾನಿಟರ್‌ಗಳು ಇನ್ನೂ ಪೂರ್ತಿಯಾಗಿಲ್ಲ ಅಂತ ಇದ್ದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಆಮೇಲೆ ಎಂಜಿನ್ ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ನೋಡಿ. ಪ್ಲಸ್ ಮೈನಸ್ 5 ಪರ್ಸೆಂಟ್ ಒಳಗಿದ್ದರೆ ಚೆನ್ನ. ಐಡಲ್‌ನಲ್ಲಿ ಪ್ಲಸ್ 10 ದಾಟಿ, 2,500 ಆರ್‌ಪಿಎಂಗೆ ಇಳಿದುಬಂದರೆ ಎಲ್ಲೋ ಗಾಳಿ ಒಳಗೆ ಸೋರುತ್ತಿದೆ. ಭಾರ ಹೆಚ್ಚಿದಂತೆ ಏರುತ್ತಾ ಹೋದರೆ ಪೆಟ್ರೋಲ್ ಪೂರೈಕೆ ಕಡೆ ಹುಡುಕಿಸಿ.

ಕುಶಾಕ್ 2021ರದ್ದಾದ್ದರಿಂದ ಇದನ್ನೂ ಕೇಳಿ: ಆ ಆರಂಭದ ಗಾಡಿಗಳಲ್ಲಿ ಇಪಿಸಿ ದೀಪ (ಎಂಜಿನ್ ನಿಯಂತ್ರಣದಲ್ಲಿ ದೋಷವಿದೆ ಅನ್ನುವ ಎಚ್ಚರಿಕೆ) ಹತ್ತಿ ಬಲ ಕಡಿಮೆಯಾಗುವ ದೂರು ಬಂದಿತ್ತು, ಕಂಪನಿ ಫ್ಯುಯೆಲ್ ಪಂಪ್ ಬದಲಿಸಿಕೊಟ್ಟಿತ್ತು. ಚಾಸಿ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ, ಬದಲಾಗಿದೆಯಾ ಇಲ್ಲವಾ ಅಂತ ದಾಖಲೆ ಪಡೆಯಿರಿ.

ಟರ್ಬೊ ನೋಡುವುದು ಹೀಗೆ. ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪ್ ಬಿಚ್ಚಿಸಿ. ಒಳಗೆ ತೆಳು ಎಣ್ಣೆ ಪಸೆ ಇರುವುದು ಸಹಜ, ತಳದಲ್ಲಿ ಎಣ್ಣೆ ನಿಂತಿದ್ದರೆ ಸರಿಯಿಲ್ಲ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಕೂದಲೆಳೆಯಷ್ಟು ಆಟ ಇರಬಹುದು, ಹಿಂದೆ ಮುಂದೆ ಆಡಬಾರದು, ರೆಕ್ಕೆ ಗೂಡಿಗೆ ತಾಗಬಾರದು. ರೆಕ್ಕೆ ಅಂಚು ನಯವಾಗಿರಬೇಕು. ಅಂಚು ಕೊರೆದಂತಿದ್ದರೆ ಧೂಳು ಕುಡಿದಿದೆ. ಪಿ0299 ಕೋಡ್ ಅಂದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸಾಲುತ್ತಿಲ್ಲ. ಅದಕ್ಕೆ ಟರ್ಬೊನೇ ಬದಲಿಸಬೇಕು ಅಂತ ಹೆದರಿಸುವವರಿದ್ದಾರೆ. ಮೊದಲು ಪೈಪ್‌ಗಳ ಕ್ಲಿಪ್, ಹರಿದ ಹೋಸ್, ಆಮೇಲೆ ವೇಸ್ಟ್‌ಗೇಟ್ ಆಕ್ಚುಯೇಟರ್ (ಬೂಸ್ಟ್ ಮಿತಿಯಲ್ಲಿಡುವ ಬಾಗಿಲನ್ನು ಆಡಿಸುವ ಭಾಗ), ಕೊನೆಗೆ ಟರ್ಬೊ. ಈ ಕ್ರಮ ತಪ್ಪಿಸಬೇಡಿ.

ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಇಂಜೆಕ್ಟರ್ ರೈಲ್ ಒತ್ತಡ 200 ಬಾರ್ ದಾಟುತ್ತದೆ. ಹಳೇ ಅಭ್ಯಾಸದಲ್ಲಿ ಪೆಟ್ರೋಲ್ ಬರುತ್ತಿದೆಯಾ ಅಂತ ಪೈಪ್ ಸಡಿಲಿಸಿ ನೋಡಲು ಯಾರಿಗೂ ಬಿಡಬೇಡಿ. ಚರ್ಮ ಸೀಳುವಷ್ಟು ಬಲ ಅದಕ್ಕಿದೆ.

---

ಶೆಟ್ಟಿಹಳ್ಳಿ ಗೇಟ್ (ತುಮಕೂರು)

ಎಣ್ಣೆ ಬಗ್ಗೆ ಹೇಳಲಿಲ್ಲ ನೀವು. ಕಂಪನಿಯವರು 15,000 ಕಿ.ಮೀ. ಅಥವಾ ಒಂದು ವರ್ಷ ಅನ್ನುತ್ತಾರೆ. ಒಳ್ಳೆಯ ಸಿಂಥೆಟಿಕ್ ಎಣ್ಣೆಗೆ ಅಷ್ಟು ಸಾಲದೇ? ಹೈವೇ ಓಡಾಟದ ಗಾಡಿಗಳಿಗೆ ನಾನು ಅದನ್ನೇ ಒಪ್ಪುತ್ತೇನೆ.

---

ಅಂತರಗಂಗೆ ಗ್ಯಾರೇಜ್ (ಕೋಲಾರ)

ಹೈವೇ ಗಾಡಿಗೆ ಒಪ್ಪುತ್ತೇನೆ. ಇವರ ಓಡಾಟಕ್ಕೆ ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ತಣ್ಣನೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಬೀಳುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ತಾಗಿ, ರಿಂಗ್ ದಾಟಿ ಎಣ್ಣೆಗೆ ಇಳಿಯುತ್ತದೆ. ಎಣ್ಣೆ ಪೂರ್ತಿ ಬಿಸಿಯಾದರೆ ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. 4 ಕಿ.ಮೀ. ಓಟದಲ್ಲಿ ಅದು ಬಿಸಿಯಾಗುವುದೇ ಇಲ್ಲ. ಎಣ್ಣೆ ತೆಳ್ಳಗಾಗುತ್ತಾ ಹೋಗುತ್ತದೆ, ಅದೇ ಎಣ್ಣೆ ಟರ್ಬೊ ಬೇರಿಂಗ್‌ಗೂ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಇದೇ ಆಗಿದೆ.

ನನ್ನ ಸಲಹೆ: 7,500 ಕಿ.ಮೀ.ಗೆ ಒಮ್ಮೆ ಎಣ್ಣೆ ಮತ್ತು ಫಿಲ್ಟರ್, ಅಷ್ಟು ಓಡದಿದ್ದರೂ ವರ್ಷ ದಾಟಿಸಬೇಡಿ. 1.0 ಟಿಎಸ್‌ಐಗೆ ಹಿಡಿಯುವುದು ಸುಮಾರು 4 ಲೀಟರ್. ದೊಡ್ಡ ಖರ್ಚೇನಲ್ಲ. ಗ್ರೇಡ್ ಮಾತ್ರ ಓನರ್ಸ್ ಮ್ಯಾನುಯಲ್‌ನಲ್ಲಿ ಬರೆದ ನಂಬರಿನದ್ದೇ ಇರಲಿ. ಬಿಸಿಲೂರು, ದಪ್ಪ ಎಣ್ಣೆ ಹಾಕೋಣ ಅಂತ 20ಡಬ್ಲ್ಯೂ-50 ಸುರಿಯುವವರನ್ನು ಹತ್ತಿರ ಸೇರಿಸಬೇಡಿ. ಇಂಥ ಎಂಜಿನ್‌ನ ಸಣ್ಣ ಎಣ್ಣೆ ದಾರಿಗಳಿಗೆ ಅದು ಬೇಗ ತಲುಪುವುದಿಲ್ಲ.

ಎಣ್ಣೆ ಡಬ್ಬಿ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡುವ ದರ್ಜೆ ಎಸ್‌ಪಿ ಅಥವಾ ಕನಿಷ್ಠ ಎಸ್‌ಎನ್ ಪ್ಲಸ್ ಇದೆಯಾ ಅಂತಲೂ ನೋಡಿ. ಎಸ್‌ಎನ್ ಪ್ಲಸ್ 2018ರಲ್ಲಿ, ಎಸ್‌ಪಿ 2020ರಲ್ಲಿ ಬಂದವು. ಸಣ್ಣ ಟರ್ಬೊ ಎಂಜಿನ್‌ಗಳು ಕಡಿಮೆ ಆರ್‌ಪಿಎಂನಲ್ಲಿ ಭಾರ ಎಳೆಯುವಾಗ ಕಿಡಿಗೆ ಮುಂಚೆಯೇ ಇಂಧನ ತಾನಾಗಿ ಹೊತ್ತಿಕೊಳ್ಳುವ ರೋಗವೊಂದಿದೆ. ಟಣ್ ಅಂತ ಒಂದೇ ಒಂದು ಗಟ್ಟಿ ಏಟು ಕೇಳಿಸುತ್ತದೆ. ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚೇ ಮುರಿಯುವುದುಂಟು. ಎಣ್ಣೆಯಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದಷ್ಟೂ ಇದು ಹೆಚ್ಚು. ಆ ಎರಡು ದರ್ಜೆಗಳನ್ನು ಇದನ್ನು ತಡೆಯುವ ಪರೀಕ್ಷೆ ಸೇರಿಸಿಯೇ ರೂಪಿಸಿದರು.

---

ಕೈವಾರ ರೋಡ್ (ಚಿಂತಾಮಣಿ)

ಅದೇ ರೋಗಕ್ಕೆ ಓಡಿಸುವ ರೀತಿಯೂ ಮದ್ದು. ನಂದಿ ಬೆಟ್ಟದ ತಿರುವುಗಳಲ್ಲಿ ಐದು ಜನರನ್ನು ಕೂರಿಸಿಕೊಂಡು ನಾಲ್ಕನೇ ಗೇರ್‌ನಲ್ಲಿ 1,300 ಆರ್‌ಪಿಎಂಗೆ ಬಿಟ್ಟು, ಆಕ್ಸಿಲೇಟರ್ ನೆಲಕ್ಕೆ ಒತ್ತುವುದೇ ಎಂಜಿನ್‌ಗೆ ಕೊಡುವ ಅತಿ ಕೆಟ್ಟ ಹಿಂಸೆ. ಗೇರ್ ಎರಡಕ್ಕೋ ಮೂರಕ್ಕೋ ಇಳಿಸಿ 2,000ದ ಮೇಲೆ ಇಟ್ಟುಕೊಂಡು ಹತ್ತಿ. ಸದ್ದು ಜಾಸ್ತಿ ಬರುತ್ತದೆ, ಬರಲಿ. ಇಳಿಯುವಾಗಲೂ ಅದೇ ಗೇರ್, ಬ್ರೇಕ್ ಉಳಿಯುತ್ತದೆ.

ಬೆಟ್ಟ ಹತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ, ಅರ್ಧದಿಂದ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಟಿಎಸ್‌ಐನಲ್ಲಿ ಟರ್ಬೊ ತಂಪಿಡಲು ಬೇರೆಯೇ ಎಲೆಕ್ಟ್ರಿಕ್ ಪಂಪ್ ಇದೆ. ಕೀ ತೆಗೆದ ಮೇಲೂ ಗುಂಯ್ ಅನ್ನುವ ಸದ್ದು ಬರುವುದು ಅದರಿಂದ, ಅಥವಾ ಫ್ಯಾನ್‌ನಿಂದ. ಕೆಟ್ಟಿದೆ ಅಂದುಕೊಂಡು ಬ್ಯಾಟರಿ ಬಿಚ್ಚಿದರೆ ತಪ್ಪು.

ಈಗ ನಮ್ಮ ಜಿಲ್ಲೆಯ ಎರಡು ಶತ್ರುಗಳು. ಒಂದು, ಬೋರ್‌ವೆಲ್ ನೀರು. ಪಾತ್ರೆ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಕರೆ ರೇಡಿಯೇಟರ್ ಸಂದುಗಳಲ್ಲೂ ಕೂರುತ್ತದೆ. ಟಿಎಸ್‌ಐನಲ್ಲಿ ಇಂಟರ್‌ಕೂಲರ್ ಕೂಡ ನೀರಿನಿಂದಲೇ ತಣಿಯುವಂಥದ್ದು, ಇಂಟೇಕ್ ಮ್ಯಾನಿಫೋಲ್ಡ್ ಒಳಗೇ ಕೂತಿದೆ. ಅದರ ಸಣ್ಣ ನಾಳಗಳಲ್ಲಿ ಕರೆ ಕಟ್ಟಿದರೆ ಒಳಹೋಗುವ ಗಾಳಿ ಬಿಸಿಯಾಗಿಯೇ ಉಳಿದು ಪಿಕಪ್ ಇಳಿಯುತ್ತದೆ. ಟೀ ಅಂಗಡಿ ಪಕ್ಕದ ನಲ್ಲಿಯ ನೀರು ಇದಕ್ಕಲ್ಲ. ಕಂಪನಿ ಹೇಳಿದ ಕೂಲಂಟ್ ಕಾನ್ಸಂಟ್ರೇಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ಒಂದು ಲೀಟರ್ ಬಾಟಲಿ ಡಿಕ್ಕಿಯಲ್ಲಿ ಇಟ್ಟಿರಿ. ಹಸಿರು ಕೂಲಂಟ್‌ಗೆ ಗುಲಾಬಿ ಬೆರೆಸಬೇಡಿ, ಕೆಲವು ಜೋಡಿಗಳು ಗಸಿಯಾಗುತ್ತವೆ.

ಎರಡನೆಯದು ಕ್ರಷರ್ ಧೂಳು. ಜಲ್ಲಿ ಪುಡಿ ಅಂದರೆ ಗ್ರಾನೈಟ್ ಪುಡಿ, ಮಣ್ಣಿಗಿಂತ ಗಟ್ಟಿ. 10,000 ಕಿ.ಮೀ.ಗೆ ಏರ್ ಫಿಲ್ಟರ್ ತೆಗೆದು ನೋಡಿ, ಕೊಳೆಯಾಗಿದ್ದರೆ ಬದಲಿಸಿ. ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕುವ ಅಭ್ಯಾಸ ಬಿಡಿ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಫಿಲ್ಟರ್ ಡಬ್ಬಿಯ ಸ್ಕ್ರೂ ಎಲ್ಲವೂ ಇವೆಯಾ, ರಬ್ಬರ್ ಅಂಚು ಸರಿಯಾಗಿ ಕೂತಿದೆಯಾ ನೋಡಿ. ಫಿಲ್ಟರ್ ದಾಟಿದ ಜಾಗದಲ್ಲಿ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದಿ ಬಣ್ಣದ ಪುಡಿ ಸಿಗಬಾರದು.

ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆಸಿದ್ದು) ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮೂರೂ ಗಾಡಿ 2023ರ ಏಪ್ರಿಲ್‌ಗೆ ಮುಂಚಿನವು. ಪೆಟ್ರೋಲ್ ಮುಚ್ಚಳದ ಸ್ಟಿಕ್ಕರ್ ಮತ್ತು ಮ್ಯಾನುಯಲ್‌ನಲ್ಲಿ ಯಾವ ಮಿಶ್ರಣಕ್ಕೆ ಒಪ್ಪಿಗೆಯಿದೆ ಅಂತ ಓದಿ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಮೈಲೇಜ್ ಸ್ವಲ್ಪ ಇಳಿಯುವುದು ಅದರಿಂದಲೇ, ಎಂಜಿನ್ ಕೆಟ್ಟು ಅಲ್ಲ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದ ತೇವ ಎಥನಾಲ್‌ಗೆ ಸೇರಿಕೊಳ್ಳುತ್ತದೆ.

---

ನಂದಿತಪ್ಪಲು (ಚಿಕ್ಕಬಳ್ಳಾಪುರ)

ತುಂಬಾ ಉಪಕಾರವಾಯಿತು. ಸ್ಲಾವಿಯಾ ಪಟ್ಟಿಯಿಂದ ತೆಗೆದೆ. ಎರಡು ಸಂಶಯ ಉಳಿದಿವೆ. ಟೈಮಿಂಗ್ ಬೆಲ್ಟ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಪುಡಿಯಾಗುತ್ತದೆ ಅಂತ ಕೇಳಿದೆ, ಕುಶಾಕ್‌ನಲ್ಲೂ ಹಾಗೇನಾ? ಐದು ಜನ, ಕುರ್ಚಿ, ಬ್ಯಾಗ್ ಸೇರಿದರೆ ಟೈರ್ ಗಾಳಿ ಎಷ್ಟಿರಬೇಕು?

---

ಅಂತರಗಂಗೆ ಗ್ಯಾರೇಜ್ (ಕೋಲಾರ)

ಎಣ್ಣೆಯೊಳಗಿನ ಬೆಲ್ಟ್ ಇರುವುದು ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್‌ನಲ್ಲಿ. ಬೆಲ್ಟ್ ಸವೆದ ಚೂರು ಎಣ್ಣೆ ಹೀರುವ ಜಾಲರಿಗೆ ಕಟ್ಟಿಕೊಂಡು ಒತ್ತಡ ಬೀಳುತ್ತದೆ. ತಪ್ಪು ಎಣ್ಣೆ ಹಾಕಿದರೆ ಇನ್ನೂ ಬೇಗ. ಟಿಎಸ್‌ಐನದ್ದು ಒಣ ಬೆಲ್ಟ್, ಹೊರಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಕಾಣುತ್ತದೆ. ಬಿರುಕು, ನೂಲು ಬಿಟ್ಟಿರುವುದು, ಎಣ್ಣೆ ತಾಗಿರುವುದು ಇದೆಯಾ ನೋಡಿಸಿ. ಎಣ್ಣೆ ತಾಗಿದ್ದರೆ ಮೊದಲು ಸೋರುವ ಸೀಲ್, ಆಮೇಲೆ ಬೆಲ್ಟ್, ಎರಡೂ ಬದಲಾಗಬೇಕು. ಬೆಲ್ಟ್ ಹಾಕಲು ಕ್ಯಾಮ್ ಹಿಡಿದಿಡುವ ಲಾಕಿಂಗ್ ಟೂಲ್ ಬೇಕು. ಮಾರ್ಕ್ ಮಾಡಿ ಹಾಕುತ್ತೇನೆ ಅನ್ನುವವರಿಗೆ ಕೊಡಬೇಡಿ.

ಟೈರ್ ಗಾಳಿಗೆ ಊಹೆ ಬೇಡ. ಡ್ರೈವರ್ ಬಾಗಿಲ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಕಡಿಮೆ ಭಾರಕ್ಕೆ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು ಅಂಕಿ. ಹಿಂದಿನ ಟೈರ್‌ಗೆ ವ್ಯತ್ಯಾಸ ಹೆಚ್ಚು. ಬೆಂಗಳೂರಿಗೆ ಹೊರಡುವ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ತುಂಬಿಸಿ. ಕುರ್ಚಿಯನ್ನು ಸೀಟಿನ ಬೆನ್ನಿಗೆ ಒರಗಿಸಿ ಡಿಕ್ಕಿ ಕೊಕ್ಕೆಗಳಿಗೆ ಬೆಲ್ಟ್ ಕಟ್ಟಿ. ಜೋರು ಬ್ರೇಕ್ ಹಾಕಿದಾಗ 18 ಕೆ.ಜಿ. ಕಬ್ಬಿಣ ಹಿಂದಿನ ಸೀಟಿನವರ ತಲೆಯ ಮಟ್ಟಕ್ಕೆ ಹಾರಿಬರುವ ಅಪಾಯ ಇದೆ. ಸೆಡಾನ್‌ನಲ್ಲಿ ಸೀಟಿನ ಬೆನ್ನು ಅಡ್ಡ ಇರುತ್ತದೆ, ಈ ಬಾಡಿಗಳಲ್ಲಿ ಸೀಟಿನ ಮೇಲಕ್ಕೆ ಪೂರ್ತಿ ತೆರಪು.

ಎರಡರಲ್ಲಿ ನನ್ನ ಆಯ್ಕೆ ಕೇಳಿದರೆ, ವಾರಕ್ಕೊಮ್ಮೆ ಮಾತ್ರ ಹೈವೇ, ಉಳಿದದ್ದೆಲ್ಲ ಊರೊಳಗಿನ ಗಿಡ್ಡ ಓಟ ಅಂದಮೇಲೆ ಎಣ್ಣೆ ಬಿಲ್‌ಗಳು ಸರಿಯಿರುವ ನೆಕ್ಸಾನ್. ಹೈವೇ ಓಡಾಟ ಹೆಚ್ಚಾಗುವುದಿದ್ದರೆ, ಫ್ಯುಯೆಲ್ ಪಂಪ್ ಬದಲಾದ ದಾಖಲೆಯಿದ್ದರೆ ಕುಶಾಕ್. ಕುರ್ಚಿ ಎರಡರಲ್ಲೂ ಇಟ್ಟು ನೋಡಿದ ಮೇಲೇ ಅಡ್ವಾನ್ಸ್ ಕೊಡಿ. ಸ್ಕ್ಯಾನರ್ ರಿಪೋರ್ಟ್ ಸಿಕ್ಕರೆ ಇಲ್ಲಿ ಹಾಕಿ, ಟ್ರಿಮ್ ಅಂಕಿ ನೋಡಿ ಹೇಳುತ್ತೇನೆ.